'1:120' ಅಂದರೆ ಕೂಸು ಕೆಟ್ಟಿದೆ ಅಂತಲ್ಲ

ಕಬ್ಬಿನ ಸೀಜನ್ ಜೋರಾಗಿ ನಡೆದಿದ್ದ ದಿನಗಳು. ರಾತ್ರಿ ಹತ್ತರ ಮೇಲೆ ನಮ್ಮ ಗುಂಪಿನ ವಾಟ್ಸಾಪ್‌ಗೆ ಒಂದು ಫೋಟೊ ಬಂತು. ರಕ್ತ ಪರೀಕ್ಷೆಯ ರಿಪೋರ್ಟ್. ಮೇಲಿಂದ ಕೆಳಗಿನವರೆಗೆ ಇಂಗ್ಲಿಷ್. ನಡುವೆ ಕೆಂಪು ಅಕ್ಷರದಲ್ಲಿ 'ಹೈ ರಿಸ್ಕ್', ಅದರ ಪಕ್ಕ '1:120'. ಕೆಳಗೆ ಒಂದು ವಾಯ್ಸ್ ಮೆಸೇಜ್: "ಇದರಾಗ ಏನ್ ಬರದಾರ ನೋಡಿ ಹೇಳ್ರಿ. ಡಾಕ್ಟರ್ ಎರಡ ಮಿನಿಟ್ ಮಾತಾಡಿದ್ರು, ಏನೂ ತಿಳೀಲಿಲ್ಲ. ಮನ್ಯಾಗ ಎಲ್ಲಾರೂ ಕೂಸು ಕೆಟ್ಟೈತಿ ಅನ್ನಾಕತ್ತಾರ."

ಕಳಿಸಿದವಳು ನಮ್ಮಲ್ಲೊಬ್ಬಳ ಅಕ್ಕ. ಬಾಡಗಂಡಿ ಸುತ್ತಲಿನ ಒಂದು ಹಳ್ಳಿಗೆ ಕೊಟ್ಟ ಮಗಳು. ಎರಡನೇ ಬಸಿರು, ಐದನೇ ತಿಂಗಳು, ಕುಬಸದ ಸೀರೆ ತಂದಾಗಿತ್ತು. ನಾವು ಪತ್ರಿಕೋದ್ಯಮ ಓದಿದವರು, ಡಾಕ್ಟರಿಕೆ ಅಲ್ಲ. ಆದರೆ ಆ ರಾತ್ರಿಯಿಂದ ಮುಂದಿನ ಮೂರು ವಾರ ನಾವು ಓದಿದ್ದು, ಡಾಕ್ಟರುಗಳಿಗೆ ಫೋನ್ ಮಾಡಿ ಕೇಳಿದ್ದು, ಒಬ್ಬರಿಗೊಬ್ಬರು ಜಗಳಾಡಿದ್ದು ಕಡಿಮೆಯಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಅಕ್ಕನ ಒಪ್ಪಿಗೆ ಪಡೆದಿದ್ದೇವೆ. ಅವಳು ಹಾಕಿದ ಷರತ್ತು ಒಂದೇ, ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಆ 1:120. ಇದೇ ವಯಸ್ಸಿನ, ರಕ್ತದಲ್ಲಿ ಇದೇ ಬಗೆಯ ಅಂಕಿ ಬಂದ 120 ಬಸುರಿಯರನ್ನು ಸಾಲಾಗಿ ನಿಲ್ಲಿಸಿದರೆ ಅವರಲ್ಲಿ ಒಬ್ಬಳ ಕೂಸಿಗೆ ಡೌನ್ ಸಿಂಡ್ರೋಮ್ ಇರಬಹುದು, 119 ಜನರ ಕೂಸಿಗೆ ಇರುವುದಿಲ್ಲ ಎಂದು ಅರ್ಥ. ಸಾಮಾನ್ಯವಾಗಿ 1:250ಕ್ಕಿಂತ ಹೆಚ್ಚಿನ ಅಪಾಯ ಕಂಡರೆ ಲ್ಯಾಬಿನವರು ಕೆಂಪು ಅಕ್ಷರದಲ್ಲಿ ಬರೆಯುತ್ತಾರೆ. ಇದು ರೋಗ ಪತ್ತೆಯಲ್ಲ, ಜರಡಿ ಹಿಡಿಯುವುದು. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲೇ ಆಗಿರಬೇಕಿಲ್ಲ, ದಪ್ಪ ಕಾಳೂ ಉಳಿಯುತ್ತದೆ. ಅದನ್ನು ಕೈಯಲ್ಲಿ ಹಿಡಿದು ನೋಡಬೇಕು, ಅಂದರೆ ಇನ್ನೊಂದು ಪರೀಕ್ಷೆ ಬೇಕು. ಇಷ್ಟು ಹೇಳಲು ಎರಡು ನಿಮಿಷ ಸಾಕು. ಕನ್ನಡದಲ್ಲಿ ಹೇಳಿದ್ದರೆ ಆ ಮನೆಯವರು ನಾಲ್ಕು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ಆ ನಾಲ್ಕು ದಿನಗಳಲ್ಲಿ ಮನೆಯಲ್ಲಿ ನಡೆದದ್ದು ಬೇರೆಯದೇ ವಿಚಾರಣೆ. ಅತ್ತೆ ಅಂದದ್ದು: "ನಮ್ಮ ವಂಶದಾಗ ಹಿಂತಾದ್ದಿಲ್ಲ, ನಿಮ್ಮ ತವರಮನಿ ಕಡಿಂದ ಬಂದಿರಬೇಕು." ಪಕ್ಕದ ಮನೆಯ ಆಯಿ ಅಂದದ್ದು: "ಗ್ರಹಣದಾಗ ಹೊರಗ ಬಂದಿದ್ಲಲ್ಲ." ಸೋದರಮಾವನಿಗೆ ಕೊಟ್ಟದ್ದಕ್ಕೇ ಹೀಗಾಯಿತು ಎಂದವರೂ ಇದ್ದರು.

ಮೂರೂ ತಪ್ಪು. ಏಕೆಂದು ತಿಳಿಯಲು ಒಂದಿಷ್ಟು ವಿಜ್ಞಾನ ಬೇಕು, ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಬರುವಷ್ಟೇ.

ನಮ್ಮ ಮೈಯ ಜೀವಕೋಶಗಳಲ್ಲಿ 46 ಕ್ರೋಮೋಸೋಮ್‌ಗಳಿವೆ, ಪುಸ್ತಕದಲ್ಲಿ ವರ್ಣತಂತು ಎಂದು ಓದಿದ್ದೀರಿ. 23 ಜೋಡಿ. ಜೋಡೆತ್ತು ಅಂದುಕೊಳ್ಳಿ. ಅಂಡಾಣು, ವೀರ್ಯಾಣು ತಯಾರಾಗುವಾಗ ಪ್ರತಿ ಜೋಡಿಯ ನೊಗ ಬಿಚ್ಚಿ ಒಂದೊಂದೇ ಎತ್ತನ್ನು ಕಳಿಸಬೇಕು. ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದು ಕೂಸಿನಲ್ಲಿ ಮತ್ತೆ ಜೋಡಿಯಾಗುತ್ತದೆ. ಒಮ್ಮೊಮ್ಮೆ ನೊಗ ಬಿಚ್ಚುವುದೇ ಇಲ್ಲ, ಎರಡೂ ಎತ್ತು ಒಟ್ಟಿಗೇ ಹೊರಟುಬಿಡುತ್ತವೆ. ಆಗ ಕೂಸಿಗೆ ಆ ಜಾಗದಲ್ಲಿ ಎರಡರ ಬದಲು ಮೂರು. 21ನೇ ಜೋಡಿಯಲ್ಲಿ ಹೀಗಾದರೆ ಡೌನ್ ಸಿಂಡ್ರೋಮ್. 1866ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದವರು ಇಂಗ್ಲೆಂಡಿನ ಡಾಕ್ಟರ್ ಜಾನ್ ಲ್ಯಾಂಗ್‌ಡನ್ ಡೌನ್. ಕಾರಣ ಗೊತ್ತಾಗಿದ್ದು 1959ರಲ್ಲಿ, ಫ್ರಾನ್ಸಿನ ಲೆಜೂನ್, ಗೋತಿಯೆ, ತುರ್ಪಿನ್ ಅವರ ಕೆಲಸದಿಂದ. ನಡುವಿನ ಸುಮಾರು ನೂರು ವರ್ಷ ಆ ಮಕ್ಕಳ ತಾಯಂದಿರು ಏನೇನು ಕೇಳಿಸಿಕೊಂಡಿರಬೇಕು! ನಮ್ಮ ಕಡೆ ಇನ್ನೂ ಕೇಳಿಸಿಕೊಳ್ಳುತ್ತಲೇ ಇದ್ದಾರೆ.

ಈ ನೊಗ ಬಿಚ್ಚದ ತಪ್ಪು ಯಾರು ಮಾಡಿದ್ದೂ ಅಲ್ಲ. ಹೆಣ್ಣುಮಗಳು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಾಣುಗಳು ಅರ್ಧ ತಯಾರಾಗಿ ನಿಂತಿರುತ್ತವೆ. ಮೂವತ್ತು ವರ್ಷಕ್ಕೆ ಬಸಿರಾದರೆ ಆ ಅಂಡಾಣು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನೊಗ ಹೊತ್ತು ಕಾದಿದೆ ಎಂದರ್ಥ. ವರ್ಷ ಕಳೆದಷ್ಟೂ ಬಿಚ್ಚುವಾಗ ಎಡವಟ್ಟಾಗುವುದು ಹೆಚ್ಚು. ತಾಯಿಗೆ 20 ವರ್ಷವಾಗಿದ್ದರೆ ಸುಮಾರು 1,500 ಹೆರಿಗೆಗೆ ಒಂದು, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ಆದರೆ ನಮ್ಮಲ್ಲಿ ಹೆಚ್ಚಿನ ಹೆರಿಗೆಗಳು ಸಣ್ಣ ವಯಸ್ಸಿನವರದೇ. ಹಾಗಾಗಿ ಡೌನ್ ಇರುವ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರೂ ಸಣ್ಣ ವಯಸ್ಸಿನವರೇ. 'ಇನ್ನೂ ಇಪ್ಪತ್ತೈದು, ನನಗೆ ಹಾಗಾಗಲ್ಲ' ಅನ್ನುವ ಗ್ಯಾರಂಟಿ ಇಲ್ಲ.

ಸೋದರಮಾವನ ಮಾತಿಗೆ ಬರೋಣ. ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಾದರೂ ರಕ್ತಸಂಬಂಧದೊಳಗೆ ಆಗುತ್ತದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಮ್ಮ ಬೀಳಗಿ, ಮುಧೋಳ, ಜಮಖಂಡಿ ಕಡೆಯ ಮನೆಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಂಥ ಮದುವೆಯಿಂದ ಬೇರೆ ಬಗೆಯ ಕಾಯಿಲೆಗಳ ಅಪಾಯ ನಿಜಕ್ಕೂ ಹೆಚ್ಚುತ್ತದೆ: ಥಲಸ್ಸೇಮಿಯಾ, ಹುಟ್ಟು ಕಿವುಡಿನ ಕೆಲವು ಬಗೆ, ತಂದೆ ತಾಯಿ ಇಬ್ಬರಲ್ಲೂ ಅಡಗಿ ಕೂತ ಒಂದೇ ದೋಷ ಕೂಸಿನಲ್ಲಿ ಕೂಡಿಕೊಂಡಾಗ ಬರುವಂಥವು. ಆದರೆ ಡೌನ್ ಸಿಂಡ್ರೋಮ್‌ನ ಸುಮಾರು ನೂರಕ್ಕೆ 95 ಪಾಲು ಆ ದಿನದ ಆಕಸ್ಮಿಕ, ವಂಶದ್ದಲ್ಲ. ನೂರಕ್ಕೆ ಮೂರು ನಾಲ್ಕರಲ್ಲಿ ಮಾತ್ರ 21ನೇ ಕ್ರೋಮೋಸೋಮಿನ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅದು ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಅದಕ್ಕೇ ಒಂದು ಕೂಸಿಗೆ ಡೌನ್ ಇದ್ದರೆ 'ಕ್ಯಾರಿಯೋಟೈಪ್' ಎಂಬ ಪರೀಕ್ಷೆಯ ರಿಪೋರ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಬಸಿರಿನ ಅಪಾಯ ಎಷ್ಟು, ತಂದೆ ತಾಯಿಗೂ ಪರೀಕ್ಷೆ ಬೇಕೋ ಬೇಡವೋ ಎಂಬುದು ಅದರಿಂದ ಗೊತ್ತಾಗುತ್ತದೆ.

ಇನ್ನೊಂದು ಮಾತು. ಮೊದಲ ಮೂರು ತಿಂಗಳಲ್ಲಿ ತಾನಾಗೇ ಇಳಿದುಹೋಗುವ ಬಸಿರುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಂಥ ಕ್ರೋಮೋಸೋಮ್ ಲೆಕ್ಕ ತಪ್ಪಿದ್ದೇ ಕಾರಣ. ಕೊಡ ಹೊತ್ತಿದ್ದಕ್ಕೆ, ಪಪ್ಪಾಯಿ ತಿಂದದ್ದಕ್ಕೆ ಹೋಯಿತು ಎಂದು ಸೊಸೆಯನ್ನು ಬೈದ ಮನೆಗಳು ಇದನ್ನೊಮ್ಮೆ ಓದಲಿ.

ಎಲ್ಲವೂ ಡೌನ್‌ನಂತೆ ಅಲ್ಲ. 18ನೇ ಜೋಡಿಯಲ್ಲಿ ಮೂರಾದರೆ ಎಡ್ವರ್ಡ್ಸ್, 13ರಲ್ಲಾದರೆ ಪಟಾವ್. ಆ ಕೂಸುಗಳಲ್ಲಿ ಹೆಚ್ಚಿನವು ವರ್ಷ ತುಂಬುವುದಿಲ್ಲ. ಹೆಣ್ಣುಕೂಸಿಗೆ ಎರಡು ಎಕ್ಸ್ ಬದಲು ಒಂದೇ ಇದ್ದರೆ ಟರ್ನರ್. ಆ ಹುಡುಗಿ ಗಿಡ್ಡ ಇರಬಹುದು, ಮಕ್ಕಳಾಗುವುದು ಕಷ್ಟ, ಆದರೆ ಶಾಲೆಯಲ್ಲಿ ಎಲ್ಲರಂತೆ ಓದುತ್ತಾಳೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ 'ಕ್ರೋಮೋಸೋಮ್ ತೊಂದರೆ, ತೆಗೆಸಿಬಿಡಿ' ಎನ್ನುವ ಮಾತು ನಮಗೆ ಸರಿ ಕಾಣುವುದಿಲ್ಲ.

ಅಕ್ಕನ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ಕ್ಯಾಲೆಂಡರು. ಮೊದಲ ಪರೀಕ್ಷೆ ಆಗಬೇಕಾದದ್ದು 11ರಿಂದ 14ನೇ ವಾರದೊಳಗೆ: ಕೂಸಿನ ಕುತ್ತಿಗೆ ಹಿಂದಿನ ನೀರಿನ ಪದರ ಅಳೆಯುವ ಸ್ಕ್ಯಾನಿಂಗ್, ಜೊತೆಗೆ 'ಡಬಲ್ ಮಾರ್ಕರ್' ರಕ್ತ ಪರೀಕ್ಷೆ. ಆ ಹೊತ್ತಿಗೆ ಅಕ್ಕ ಹೊಲದಲ್ಲಿದ್ದಳು, ಹೊಟ್ಟೆ ಕಾಣದೆ ಯಾರಿಗೂ ಹೇಳಬಾರದು ಎಂಬ ರೂಢಿ ಬೇರೆ. ನಾಲ್ಕೂವರೆ ತಿಂಗಳಿಗೆ ಹೋದಾಗ ಮಾಡಿದ್ದು 'ಕ್ವಾಡ್ರುಪಲ್'. ರಿಪೋರ್ಟ್ ಕೈಗೆ ಬರುವಾಗ 18 ವಾರ ದಾಟಿತ್ತು. ಖಚಿತವಾಗಿ ತಿಳಿಯಲು ಹೊಟ್ಟೆಯೊಳಗಿನ ನೆತ್ತಿನೀರನ್ನು ಸೂಜಿಯಿಂದ ಒಂದಿಷ್ಟು ತೆಗೆದು ಪರೀಕ್ಷಿಸಬೇಕು, ಅದಕ್ಕೆ ಆಮ್ನಿಯೋ ಎನ್ನುತ್ತಾರೆ. ಅದರಿಂದ ಗರ್ಭಪಾತವಾಗುವ ಸಣ್ಣ ಅಪಾಯವೂ ಇದೆ, ನುರಿತವರ ಕೈಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಮುಖ್ಯವಾದ ಕ್ರೋಮೋಸೋಮ್‌ಗಳ ಫಲಿತಾಂಶ ಕೆಲವೇ ದಿನಗಳಲ್ಲಿ ಸಿಗುತ್ತದೆ, ಪೂರ್ತಿ ಕ್ಯಾರಿಯೋಟೈಪ್‌ಗೆ ಎರಡು ಮೂರು ವಾರ. ತಾಯಿಯ ರಕ್ತದಲ್ಲೇ ಕೂಸಿನ ಡಿಎನ್‌ಎ ಚೂರುಗಳನ್ನು ಹುಡುಕುವ ಹೊಸ ಪರೀಕ್ಷೆಯೂ ಬಂದಿದೆ, ಎನ್‌ಐಪಿಟಿ. ಹತ್ತನೇ ವಾರದಿಂದಲೇ ಮಾಡಬಹುದು, ಹೆಚ್ಚು ನಿಖರ, ಆದರೆ ಅದೂ ಜರಡಿಯೇ. ಬೆಲೆ ಸಾವಿರ ಎರಡು ಸಾವಿರದಲ್ಲಿ ಮುಗಿಯುವುದಿಲ್ಲ, ಟ್ಯಾಂಕರ್‌ಗಟ್ಟಲೆ ಹಾಲು ಡೇರಿಗೆ ಹಾಕುವವರಿಗಷ್ಟೇ ಸುಲಭ.

ಬಾಡಗಂಡಿಯಲ್ಲೇ ಈಗ ವೈದ್ಯಕೀಯ ಕಾಲೇಜು ಇದೆ, ಬಾಗಲಕೋಟೆಯಲ್ಲಿದೆ, ವಿಜಯಪುರದಲ್ಲಿದೆ. ಹತ್ತು ವರ್ಷದ ಹಿಂದಿನ ಸ್ಥಿತಿ ಇಲ್ಲ. ಆದರೂ ವಂಶವಾಹಿ ವಿಷಯದಲ್ಲಿ ಕೂಡಿಸಿಕೊಂಡು ಮಾತಾಡುವ ತಜ್ಞರು ಬೇಕೆಂದರೆ ಇನ್ನೂ ಬೆಂಗಳೂರು, ಮಣಿಪಾಲದ ಹೆಸರೇ ಕೇಳಿಬರುತ್ತದೆ. ಅಕ್ಕ, ಅವಳ ಗಂಡ ರಾತ್ರಿ ಬಸ್ಸು ಹತ್ತಿದರು.

ಹೋಗುವ ಮುಂಚೆ ಇನ್ನೊಂದು ನಡೆಯಿತು. ಯಾರೋ ಒಬ್ಬರು ಗಂಡನ ಕಿವಿಯಲ್ಲಿ ಹೇಳಿದರು: "ಅಷ್ಟ ದೂರ ಯಾಕ? ಇಲ್ಲೇ ಒಂದ ಜಾಗ ಐತಿ. ಒಂದ ದಿನದಾಗ ಮುಗೀತೈತಿ." ಅಂಥ ಜಾಗಗಳು ನಮ್ಮ ಜಿಲ್ಲೆಗೆ ಹೊಸದಲ್ಲ. 2024ರ ಮೇ ತಿಂಗಳಲ್ಲಿ ಮಹಾಲಿಂಗಪುರದ ಮನೆಯೊಂದರಲ್ಲಿ ಅಕ್ರಮ ಗರ್ಭಪಾತ ಮಾಡಿಸಿಕೊಂಡ ಮಹಾರಾಷ್ಟ್ರದ ಹೆಣ್ಣುಮಗಳು ಸತ್ತಳು. ಹೊಟ್ಟೆಯಲ್ಲಿ ಹೆಣ್ಣು ಎಂದು ತಿಳಿದು ತೆಗೆಸಲು ಬಂದದ್ದು. ಅದಕ್ಕೂ ಕೆಲವು ತಿಂಗಳ ಮುಂಚೆ, 2023ರ ಕೊನೆಗೆ, ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲ ಸಿಕ್ಕಿಬಿದ್ದಿತ್ತು. ಆಲೆಮನೆ ಅಂದರೆ ಬೆಲ್ಲದ ವಾಸನೆ ನೆನಪಾಗುವ ಊರಿನವರು ನಾವು. ಆ ಸುದ್ದಿ ಓದಿದ ದಿನ ಹೊಟ್ಟೆ ತೊಳಸಿತ್ತು.

ಇವೆರಡನ್ನು ಒಂದೇ ಎಂದು ಕಲಸಬೇಡಿ. 1994ರ ಕಾನೂನು, ಎಲ್ಲರೂ ಪಿಸಿಪಿಎನ್‌ಡಿಟಿ ಎನ್ನುವುದು, ಲಿಂಗ ಪತ್ತೆಯನ್ನು ಪೂರ್ತಿ ನಿಷೇಧಿಸುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ. ಅದೇ ಕಾನೂನು ಕ್ರೋಮೋಸೋಮ್ ದೋಷ ಪತ್ತೆಗೆ ನೋಂದಾಯಿತ ಕೇಂದ್ರಗಳಲ್ಲಿ ಷರತ್ತಿನ ಮೇಲೆ ಅವಕಾಶ ಕೊಡುತ್ತದೆ. ಆಮ್ನಿಯೋದಲ್ಲಿ ಎಕ್ಸ್, ವೈ ಎರಡೂ ಕಣ್ಣಿಗೆ ಕಾಣುತ್ತವೆ, ಲ್ಯಾಬಿನವರಿಗೆ ಗೊತ್ತಾಗುತ್ತದೆ, ನಿಮಗೆ ಹೇಳುವಂತಿಲ್ಲ. ಅಕ್ಕನ ಮಾವ ಬೆಂಗಳೂರಿನಿಂದ ಬಂದ ಮೇಲೆ ಕೇಳಿದ ಮೊದಲ ಪ್ರಶ್ನೆ, "ಗಂಡೋ ಹೆಣ್ಣೋ ಏನರ ಅಂದ್ರಾ?" ಇಷ್ಟೆಲ್ಲ ಆದ ಮೇಲೂ! ನಮ್ಮ ಕಡೆಯ ಡಾಕ್ಟರುಗಳು ಬಸುರಿಗೆ ಬಾಯಿಬಿಟ್ಟು ಮಾತಾಡಲು ಹೆದರುವುದಕ್ಕೆ ಇಂಥ ಮಾವಂದಿರೂ ಅರ್ಧ ಕಾರಣ ಎಂದು ನಮಗನಿಸುತ್ತದೆ.

ಗರ್ಭಪಾತದ ಕಾನೂನು ಬೇರೆ. 1971ರದ್ದು, 2021ರಲ್ಲಿ ತಿದ್ದುಪಡಿಯಾಗಿದೆ. 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು. ಕೂಸಿಗೆ ಗಂಭೀರ ದೋಷವಿದೆ ಎಂಬಂಥ ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ಡಾಕ್ಟರ್ ಅಭಿಪ್ರಾಯ ಬೇಕು. 24 ದಾಟಿದ ಮೇಲೆ ಕೂಸಿನ ದೋಷದ ಕಾರಣಕ್ಕೆ ಸರ್ಕಾರ ನೇಮಿಸಿದ ವೈದ್ಯಕೀಯ ಮಂಡಳಿಯೇ ಹೇಳಬೇಕು, ಅದೂ ಅರ್ಜಿ ಬಂದ ಮೂರು ದಿನದಲ್ಲಿ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ.

ತಿದ್ದುಪಡಿಗೆ ಮುಂಚೆ 20 ವಾರಕ್ಕೇ ಬಾಗಿಲು ಮುಚ್ಚುತ್ತಿತ್ತು. 2017ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ 37 ವರ್ಷದ ಮಹಿಳೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 26 ವಾರ, ಕೂಸಿಗೆ ಡೌನ್ ಸಿಂಡ್ರೋಮ್. ತಾಯಿಯ ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರುಗಳ ಮಂಡಳಿ ವರದಿ ಕೊಟ್ಟಿತು, ಕೋರ್ಟ್ ಅನುಮತಿ ಕೊಡಲಿಲ್ಲ. ಮಿದುಳೇ ಬೆಳೆಯದ ಕೂಸಿನ ಪ್ರಕರಣದಲ್ಲಿ ಅದೇ ವರ್ಷದ ಜನವರಿಯಲ್ಲಿ ಅದೇ ಕೋರ್ಟ್ ಅನುಮತಿ ಕೊಟ್ಟಿತ್ತು. ಬದುಕಲಾರದ ಕೂಸು ಬೇರೆ, ಬದುಕಬಲ್ಲ ಆದರೆ ನಮ್ಮಂತೆ ಇರದ ಕೂಸು ಬೇರೆ ಎಂಬ ಗೆರೆ ಅಲ್ಲಿ ಕಾಣುತ್ತದೆ. ಆ ಗೆರೆ ಸರಿಯೇ ಎಂಬುದರ ಮೇಲೆಯೇ ನಮ್ಮೊಳಗೆ ಜಗಳ ಆದದ್ದು.

ನಮ್ಮಲ್ಲಿ ಇಬ್ಬರು ಹೇಳಿದರು: ಡೌನ್ ಇದೆ ಎಂಬ ಒಂದೇ ಕಾರಣಕ್ಕೆ ತೆಗೆಸುವುದು ಎಂದರೆ, ಬದುಕಿರುವ ಡೌನ್ ಮಕ್ಕಳ ಮುಖ ನೋಡಿ 'ನೀ ಹುಟ್ಟಬಾರದಿತ್ತು' ಅಂದ ಹಾಗೆ. ಇಂಗ್ಲೆಂಡಿನ ಹೈಡಿ ಕ್ರೌಟರ್ ಎಂಬ ಯುವತಿ ಇದೇ ಮಾತು ಹಿಡಿದು ಕೋರ್ಟಿಗೆ ಹೋದರು, ಅವರಿಗೇ ಡೌನ್ ಇದೆ. ಅಲ್ಲಿ ಬೇರೆಯವರಿಗೆ 24 ವಾರದ ಮಿತಿ, ಇಂಥ ಕೂಸುಗಳಿಗೆ ಮಿತಿಯೇ ಇಲ್ಲ, ಇದು ತಾರತಮ್ಯ ಎಂದರು. 2021ರಲ್ಲಿ ಸೋತರು, 2022ರ ಮೇಲ್ಮನವಿಯಲ್ಲೂ ಸೋತರು. ನಮ್ಮಲ್ಲಿ ಉಳಿದವರು ಹೇಳಿದ್ದು: ಹೈಡಿಗೆ ಮಾತಾಡಲು ಕಲಿಸಿದ ಶಾಲೆ, ಹೃದಯ ನೋಡುವ ಆಸ್ಪತ್ರೆ ಅಲ್ಲಿದೆ. ಇಲ್ಲಿ ಮೂರು ಎಕರೆ ಒಣಬೇಸಾಯದ ಮನೆಯ ಹೆಣ್ಣುಮಗಳ ಮೇಲೆ ಇಡೀ ಜೀವಮಾನದ ಹೊಣೆ ಹೊರಿಸಿ ನಾವು ನೀತಿ ಹೇಳುವುದು ಸುಲಭ.

ಜಗಳ ಬಗೆಹರಿಯಲಿಲ್ಲ. ಒಂದು ಸಂಜೆ ನಮ್ಮ ಊರಿನ ಒಬ್ಬ ತಾಯಿಯ ಹತ್ತಿರ ಹೋಗಿ ಕೂತೆವು. ಅವರ ಮಗನಿಗೆ ಈಗ ಹತ್ತೊಂಬತ್ತು. ಊರವರು ಅವನನ್ನು ಕರೆಯುವ ಹೆಸರು ಇಲ್ಲಿ ಬರೆಯುವಂಥದ್ದಲ್ಲ. ಚಾದ ಅಂಗಡಿಯಲ್ಲಿ ಗ್ಲಾಸು ತೊಳೆದುಕೊಡುತ್ತಾನೆ, ಭಜನೆ ಇದ್ದರೆ ತಾಳ ಹಿಡಿದು ಮುಂದೆ ಕೂರುತ್ತಾನೆ, ಎಣಿಕೆ ಬರುವುದಿಲ್ಲ, ಆದರೆ ಯಾರ ಎಮ್ಮೆ ಯಾವುದು ಎಂಬುದು ಅವನಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿಲ್ಲ. ಬಸುರಿದ್ದಾಗಲೇ ಗೊತ್ತಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ. ಅವರೇ ಹೇಳಿದರು.

"ಆವಾಗ ಹೇಳಿದ್ರ ನಾ ಬ್ಯಾಡ ಅಂತಿದ್ನಿ. ಈಗ ಇವನ್ನ ಬಿಟ್ಟ ಒಂದ ದಿನ ಇರಾಕ ಆಗೂದಿಲ್ಲ. ಎರಡೂ ಖರೇನ ಐತಿ ನೋಡ್ರಿ. ನಾ ಇರೂತನಕ ಚಿಂತಿಲ್ಲ. ನಾ ಹ್ವಾದ ಮ್ಯಾಲ ಇವಂಗ ಯಾರ?"

ಅಲ್ಲಿಂದ ಬಂದ ಮೇಲೆ ನಾವೆಲ್ಲ ಒಪ್ಪಿದ್ದು ಇಷ್ಟು. ಹೊಟ್ಟೆಯಲ್ಲಿ ಹೊತ್ತವಳು, ನಾಳೆ ಕಂಕುಳಲ್ಲಿ ಹೊರಬೇಕಾದವಳು ತೀರ್ಮಾನ ಮಾಡಬೇಕು. ಕಾನೂನೂ ಅದನ್ನೇ ಹೇಳುತ್ತದೆ. 18 ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಕಾನೂನಿನಲ್ಲಿ ಇಲ್ಲ. 2009ರಲ್ಲಿ ಚಂಡೀಗಢದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಬುದ್ಧಿಮಾಂದ್ಯತೆ ಇದ್ದ, ಸರ್ಕಾರಿ ಆಶ್ರಯದಲ್ಲಿದ್ದ ಹುಡುಗಿಯೊಬ್ಬಳು ಬಸಿರಾಗಿದ್ದಳು. ತೆಗೆಸಬೇಕೆಂದು ಆಡಳಿತ ಹೊರಟಿತ್ತು. ಅವಳಿಗೆ ಕೂಸು ಬೇಕಿತ್ತು. ಅವಳ ಮಾತೇ ನಡೆಯಬೇಕು ಎಂದಿತು ಕೋರ್ಟ್. ತೆಗೆಸು ಎಂದು ಒತ್ತಾಯಿಸುವುದೂ ತಪ್ಪು, ಇಟ್ಟುಕೋ ಎಂದು ಒತ್ತಾಯಿಸುವುದೂ ತಪ್ಪು.

ಆದರೆ ಅವಳ ತೀರ್ಮಾನ ಎಂದು ಹೇಳಿ ಊರು ಕೈತೊಳೆದುಕೊಂಡರೆ? ಡೌನ್ ಇರುವ ಕೂಸುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಹೃದಯದ ತೊಂದರೆ ಇರುತ್ತದೆ, ಥೈರಾಯ್ಡ್, ಕಿವಿ ನೋಡಿಸುತ್ತಿರಬೇಕು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ. ಆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ಶಸ್ತ್ರಚಿಕಿತ್ಸೆಗೆ ಉಚಿತವಾಗಿ ಕಳಿಸಬೇಕು. ನಿರಾಮಯ ಎಂಬ ವಿಮೆಯಲ್ಲಿ ಬುದ್ಧಿಮಾಂದ್ಯತೆ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುತ್ತದೆ. ಆ ತಾಯಿಗೆ ನಿರಾಮಯದ ಹೆಸರನ್ನೇ ಯಾರೂ ಹೇಳಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ! ನಾವೂ ಹೇಳಿರಲಿಲ್ಲ, ಅದೇ ಓಣಿಯಲ್ಲಿ ಬೆಳೆದವರು. ಬೇಡ ಅಂತಿದ್ದೆ ಎಂದು ಅವರು ಹೇಳಿದ್ದರ ಹಿಂದೆ ಕೂಸಿನ ಮೇಲಿನ ಅಸಡ್ಡೆ ಇರಲಿಲ್ಲ, ನಮ್ಮ ಮೇಲಿನ ಅಪನಂಬಿಕೆ ಇತ್ತು.

ಅಕ್ಕನ ಷರತ್ತು ಹೇಳುತ್ತೇವೆ ಅಂದಿದ್ದೆವು. ಬೆಂಗಳೂರಿನ ರಿಪೋರ್ಟಿನಲ್ಲಿ ಏನಿತ್ತು, ಅವಳು ಏನು ತೀರ್ಮಾನಿಸಿದಳು ಎಂಬುದನ್ನು ಬರೆಯಬಾರದು. ಓದಿದ ಮೇಲೆ ನಿಮಗೆ ಕುತೂಹಲ ಆಗುತ್ತದೆ, ಗೊತ್ತು. ಊರಲ್ಲಿ ಕೇಳಿದವರಿಗೂ ಅವಳು ಹೇಳಿಲ್ಲ. ಗರ್ಭಪಾತ ಮಾಡಿಸಿಕೊಂಡ ಹೆಣ್ಣಿನ ಹೆಸರು, ವಿವರ ಹೊರಹಾಕುವುದನ್ನು 2021ರ ತಿದ್ದುಪಡಿ ಶಿಕ್ಷಾರ್ಹ ಮಾಡಿದೆ. ಮಾಡಿಸಿಕೊಳ್ಳದವಳಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ನಿಮ್ಮ ಮನೆಯಲ್ಲಿ ಈಗ ಎರಡು ಮೂರು ತಿಂಗಳ ಬಸುರಿ ಇದ್ದರೆ ತಾಯಿ ಕಾರ್ಡ್ ತೆಗೆದು ಕೊನೆಯ ಮುಟ್ಟಿನ ದಿನಾಂಕ ನೋಡಿ, 11 ವಾರ ಯಾವಾಗ ತುಂಬುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಅಲ್ಲಿ ಡಾಕ್ಟರಮ್ಮನನ್ನು ಕೇಳಿ: ಕುತ್ತಿಗೆ ಸ್ಕ್ಯಾನಿಂಗ್ ಎಲ್ಲಿ ಆಗುತ್ತದೆ, ಡಬಲ್ ಮಾರ್ಕರ್ ಬೇಕೋ, ಅಂಕಿ ಹೆಚ್ಚು ಬಂದರೆ ಮುಂದೇನು. ಪರೀಕ್ಷೆ ಬೇಡ, ಬಂದದ್ದು ಬರಲಿ ಅನ್ನುವ ಹಕ್ಕೂ ಬಸುರಿಗಿದೆ. ಇಂಗ್ಲಿಷ್ ರಿಪೋರ್ಟ್ ತಿಳಿಯದಿದ್ದರೆ ಹೆಸರು ಮುಚ್ಚಿ ನಮಗೆ ಫೋಟೊ ಕಳಿಸಿ. ನಾವು ಔಷಧ ಹೇಳುವುದಿಲ್ಲ, ಸಲಹೆ ಕೊಡುವುದಿಲ್ಲ, ಅದರಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುತ್ತೇವೆ, ಯಾವ ಡಾಕ್ಟರ್ ಹತ್ತಿರ ಹೋಗಬೇಕು ಎಂದು ಕೇಳಿ ತಿಳಿಸುತ್ತೇವೆ.

ಚಾದ ಅಂಗಡಿಯ ಹುಡುಗನ ನಿರಾಮಯ ಅರ್ಜಿ ತುಂಬಲು ಹೋದ ವಾರ ಕೂತೆವು. ಅಂಗವಿಕಲರ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ತಿದ್ದಿಸಲು ಬೀಳಗಿಗೆ ಹೋಗಬೇಕು. ಸೋಮವಾರ ಅವನೇ ನಮ್ಮ ಬೈಕಿನ ಹಿಂದೆ ಕೂತು ಬರುತ್ತಾನಂತೆ, ಈಗಾಗಲೇ ಹೊಸ ಅಂಗಿ ತೆಗೆದಿಟ್ಟಿದ್ದಾನೆ.